ಹೊಸನೀರಿನ ಮೂರು ಗುಟುಕು

ಮಕ್ಕಳೇ, ಆ ದಿನ ಬೆಳಿಗ್ಗೆ ಹಾಲುಬಂಡೆ ಕಾಡಿನಲ್ಲಿ ವಿಶೇಷವೇನೂ ಇರಲಿಲ್ಲ. ಹಿಂದಿನ ದಿನ ಮೊದಲ ಮಳೆ ಸುರಿದಿತ್ತು. ಬೆಟ್ಟದಿಂದ ಇಳಿದ ನೀರು ಸೇರಿ ಮಡು ಕೆಂಪಗೆ ತುಂಬಿತ್ತು. ಚುಕ್ಕವ್ವ ಎಂಬ ಜಿಂಕೆ ತನ್ನ ಮರಿಯ ಕಿವಿ ನೆಕ್ಕಿ, ಎಲ್ಲರಂತೆ ಅದನ್ನು ಮಡುವಿಗೆ ಕರೆತಂದಳು.

ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ಹೊಸನೀರು ಬಂದ ಮಾರನೆಯ ಬೆಳಿಗ್ಗೆ ಕಾಡುಕೋಣ ಮೊದಲು ಕುಡಿಯಬೇಕು. ಅವನನ್ನು ಎಲ್ಲರೂ ಯಜಮಾನ್ರು ಎಂದು ಕರೆಯುತ್ತಿದ್ದರು. ಅವನ ನಂತರ ಪ್ರತಿ ಮರಿಯೂ ಮೂರು ಗುಟುಕು ಕುಡಿಯಬೇಕು. ಹಾಗೆ ಕುಡಿದರೆ ವರ್ಷವಿಡೀ ಮೈಯಲ್ಲಿ ಶಕ್ತಿ ನಿಲ್ಲುತ್ತದೆ ಎಂದು ಅವರ ನಂಬಿಕೆ.

ಚುಕ್ಕವ್ವನ ಮರಿ ನಾಲ್ಕು ಗುಟುಕು ಕುಡಿಯಿತು. ಅದಕ್ಕೆ ಬಾಯಾರಿಕೆಯಾಗಿತ್ತು.

ಮಾರನೆಯ ದಿನ ಮರಿಗೆ ಭೇದಿ ಹತ್ತಿತು. ನಾಲ್ಕನೆಯ ದಿನ ಅದು ಏಳಲಿಲ್ಲ.

"ಮಳೆಗಾಲ ಅಂದ್ರೆ ಹಾಗೇ ಕಣವ್ವ," ಎಂದಿತು ಮುಳ್ಳುಹಂದಿ. "ಕೆಲವು ಉಳೀತಾವೆ, ಕೆಲವು ಹೋಗ್ತಾವೆ."

ಚುಕ್ಕವ್ವ ಕಾಡಿನ ಒಂದೊಂದೇ ಮನೆಗೆ ಹೋದಳು. ಎಲ್ಲ ಕಡೆ ಎರಡೇ ಪ್ರಶ್ನೆ ಕೇಳಿದಳು: ಯಾರಿಗೆ ಕಾಯಿಲೆ? ಎಲ್ಲಿಯ ನೀರು ಕುಡಿದರು? ಪೊದೆಗಳಲ್ಲಿ, ಗುಹೆಗಳಲ್ಲಿ, ಮರದ ಬುಡಗಳಲ್ಲಿ ಕಾಯಿಲೆಯಿತ್ತು. ಎಲ್ಲರೂ ಮಡುವಿನ ನೀರನ್ನೇ ಕುಡಿದಿದ್ದರು. ಆನೆಗಳ ಹಿಂಡಿನಲ್ಲಿ ಮಾತ್ರ ಮರಿಗಳು ಕುಣಿಯುತ್ತಿದ್ದವು.

"ಅಜ್ಜೀ, ನಿಮ್ಮ ಮಕ್ಕಳು ಹೊಸನೀರು ಕುಡೀಲಿಲ್ವಾ?" ಎಂದು ಅವಳು ಆನೆಯಜ್ಜಿಯನ್ನು ಕೇಳಿದಳು.

"ಆ ಕೆಸರನ್ನಾ? ಸೊಂಡಿಲಿಗೆ ಮಣ್ಣು ಹೋದರೆ ನಮಗೆ ಸೀನು ಬರುತ್ತೆ ತಾಯಿ. ನಾವು ದಡದ ಮರಳು ತೋಡಿ ಒರತೆ ಮಾಡ್ಕೊಂಡು ಕುಡೀತೀವಿ."

ಚುಕ್ಕವ್ವ ಒರತೆಯನ್ನು ನೋಡಿದಳು. ಮಡುವಿನಿಂದ ಹತ್ತು ಹೆಜ್ಜೆ ದೂರ, ಮರಳಿನಲ್ಲಿ ಒಂದು ಗುಂಡಿ. ಮಡುವಿನ ನೀರೇ ಮರಳಿನೊಳಗಿಂದ ನಿಧಾನವಾಗಿ ಜಿನುಗಿ ಅದರಲ್ಲಿ ತುಂಬುತ್ತಿತ್ತು. ಗುಂಡಿಯ ತಳದ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕಾಡಿನಲ್ಲಿ ಒಲೆಯೂ ಇಲ್ಲ, ನೀರು ಕಾಯಿಸುವವರೂ ಇಲ್ಲ. ಅವರಿಗೆ ಇದ್ದದ್ದು ಮರಳು ಮಾತ್ರ.

ಒಂದು ವರ್ಷ ಕಳೆಯಿತು. ಚುಕ್ಕವ್ವನಿಗೆ ಇನ್ನೊಂದು ಮರಿ ಹುಟ್ಟಿತು. ಮತ್ತೆ ಮೋಡ ಕವಿಯಿತು.

ಚುಕ್ಕವ್ವನ ಗೊರಸು ಸಣ್ಣದು, ಮರಳು ತೋಡಲು ಆಗದು. ಅವಳು ಕಾಡುಹಂದಿ ಗಡ್ಡೆವ್ವನ ಬಳಿ ಹೋದಳು.

"ಗಡ್ಡೆ ಸಿಗದ ಜಾಗದಲ್ಲಿ ನಾನು ಯಾಕೆ ಅಗೀಲಿ?" ಎಂದಳು ಗಡ್ಡೆವ್ವ.

"ಹೋದ ಮಳೆಗಾಲದಲ್ಲಿ ನಿನ್ನವು ಎಷ್ಟು ಹೋದವು?"

"ಮೂರು," ಎಂದಳು ಗಡ್ಡೆವ್ವ. ಆಮೇಲೆ ಎದ್ದು ಹೋಗಿ ಮರಳಿಗೆ ಮೂತಿ ಹಾಕಿದಳು.

ಮೊದಲ ಮಳೆ ಬಂತು. ಮಾರನೆಯ ಬೆಳಿಗ್ಗೆ ಎಲ್ಲರೂ ಮರಿಗಳ ಜೊತೆ ಮಡುವಿನ ಸುತ್ತ ಸೇರಿದರು. ಕಾಡುಕೋಣ ಕುತ್ತಿಗೆ ಎತ್ತಿ ಬಂದ. ಒರತೆಯನ್ನು ಕಂಡು ಮೂಗು ಅರಳಿಸಿದ.

"ಇದೇನು? ಮಡು ತುಂಬಿರುವಾಗ ಗುಂಡಿ ತೋಡಿ ಕುಡಿಯೋದಕ್ಕೆ ನಾವೇನು ಬರದಲ್ಲಿದ್ದೀವಾ? ನಮ್ಮ ತಾತ ಈ ನೀರು ಕುಡಿದೇ ಹುಲಿಯನ್ನು ಓಡಿಸಿದ್ದು."

"ಯಜಮಾನ್ರೇ, ಈ ನೀರು ಬೇಡ," ಎಂದಳು ಚುಕ್ಕವ್ವ. "ಬೆಟ್ಟದ ಮೇಲಿನ ಸಗಣಿ, ಸತ್ತ ಇಲಿ, ಕೊಳೆತ ಎಲೆ, ಎಲ್ಲಾ ಇದರಲ್ಲಿದೆ."

"ನನಗೆ ಏನಾಗಿದೆ ಹೇಳು. ಪ್ರತಿ ವರ್ಷ ಕುಡೀತೀನಿ. ಕಲ್ಲಿನ ಹಾಗೆ ಇದ್ದೀನಿ."

"ಸರಿ. ಮೊದಲ ಗುಟುಕು ನಿಮ್ಮದು. ಅದಾಗಿ ಎಷ್ಟು ಹೊತ್ತಿಗೆ ಮರಿಗಳು ಕುಡೀಬೇಕು ಅಂತ ಪದ್ಧತಿಯಲ್ಲಿ ಇದೆಯಾ?"

ಕಾಡುಕೋಣ ಯೋಚಿಸಿದ. "ಇಲ್ಲ."

"ಹಾಗಾದರೆ ನಾಳೆ ಮಧ್ಯಾಹ್ನ ಕುಡೀಲಿ. ಅಲ್ಲಿವರೆಗೆ ನೀವು ಈ ಬಂಡೆ ಪಕ್ಕದಲ್ಲಿ ಎಲ್ಲರಿಗೂ ಕಾಣೋ ಹಾಗೆ ನಿಂತಿರಬೇಕು. ನಿಂತಿದ್ದರೆ ಎಲ್ಲರಿಗಿಂತ ಮೊದಲು ನನ್ನ ಮರಿಯೇ ಕುಡಿಯುತ್ತೆ."

"ಅಷ್ಟೇನಾ?" ಕಾಡುಕೋಣ ನಕ್ಕು, ಮಡುವಿಗೆ ಬಾಯಿ ಹಾಕಿ ಹೊಟ್ಟೆ ತುಂಬ ಕುಡಿದ. ಹೋಗಿ ಬಂಡೆಯ ಪಕ್ಕ ನಿಂತ.

ಗಡ್ಡೆವ್ವ ಪಿಸುಗುಟ್ಟಿದಳು. "ನಿನಗೆ ತಲೆ ಕೆಟ್ಟಿದೆಯಾ? ಹೋದ ವರ್ಷ ಅವನಿಗೆ ಏನೂ ಆಗಲಿಲ್ಲ."

"ಆಗಿತ್ತು. ಬಿದಿರ ಮೆಳೆಯೊಳಗೆ ಮೂರು ದಿನ ಮಲಗಿದ್ದ. ಯಾರಿಗೂ ಹೇಳಲಿಲ್ಲ. ಭೇದಿಯಾದ ಗುರುತು, ಮಲಗಿದ್ದ ಗುರುತು, ಎರಡನ್ನೂ ನಾನು ನೋಡಿದ್ದೇನೆ."

"ಈ ವರ್ಷ ಆಗದಿದ್ದರೆ?"

ಚುಕ್ಕವ್ವ ತನ್ನ ಮರಿಯ ಕಡೆ ನೋಡಿದಳು. ಆ ದಿನ ಎಲ್ಲ ಮರಿಗಳೂ ಒರತೆಯಲ್ಲಿ ಕುಡಿದವು.

ಮಾರನೆಯ ದಿನ ಹೊತ್ತು ಏರಿತು. ಕಾಡುಕೋಣ ನಿಂತೇ ಇದ್ದ. ಚುಕ್ಕವ್ವ ತನ್ನ ಮರಿಯ ಹತ್ತಿರ ಸರಿದು ನಿಂತಳು. ಅಷ್ಟರಲ್ಲಿ ಕಾಡುಕೋಣ ಹಿಂಗಾಲು ಬದಲಿಸಿದ. ಮತ್ತೆ ಬದಲಿಸಿದ.

"ಬಿದಿರ ಮೆಳೆಯಲ್ಲಿ ಸ್ವಲ್ಪ ಕೆಲಸ ಇದೆ," ಎಂದ.

ಮರದ ಮೇಲಿದ್ದ ಕೋತಿ ಕೆಂಚ ಕೇಳಿದ, "ಏನು ಕೆಲಸ ಯಜಮಾನ್ರೇ? ನಾನು ಮಾಡ್ಕೊಂಡು ಬರ್ತೀನಿ."

"ಅದು ನೀನು ಮಾಡೋ ಕೆಲಸ ಅಲ್ಲ."

"ಮಧ್ಯಾಹ್ನದವರೆಗೆ ಅಂತ ಮಾತು," ಎಂದ ಕೆಂಚ.

"ಗೊತ್ತು ಸುಮ್ನಿರೋ." ಅವನ ಹೊಟ್ಟೆ ಗುಡುಗಿತು. ಮೋಡವಿರಲಿಲ್ಲ, ಆದರೂ ಮೊಲ ಆಕಾಶ ನೋಡಿತು. ಮರುಕ್ಷಣ ಕಾಡುಕೋಣ ಬಾಲ ಎತ್ತಿಕೊಂಡು ಓಡಿದ. ಕಾಡಿನ ದೊಡ್ಡವರೆಲ್ಲ ಬಾಯಿ ಬಿಟ್ಟು ನೋಡಿದರು. ಮರಿಗಳು ಹೊರಳಾಡಿ ನಕ್ಕವು.

ಚುಕ್ಕವ್ವ ನಗಲಿಲ್ಲ. ಅವಳು ಮೆಳೆಯ ಅಂಚಿಗೆ ಹೋಗಿ ನಿಂತಳು.

"ಬಂದು ಒರತೆ ನೀರು ಕುಡೀರಿ. ಭೇದಿಯಾದಾಗ ನೀರು ಬಿಟ್ಟರೆ ಜೀವಕ್ಕೆ ಕಷ್ಟ."

ಒಳಗಿಂದ ಸಣ್ಣ ದನಿ ಬಂತು. "ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೋದ ವರ್ಷ ನೀವು ಹೇಳಿದ್ದರೆ ನಮಗೆಲ್ಲ ಗೊತ್ತಾಗ್ತಿತ್ತು."

ಕಾಡುಕೋಣ ತಲೆ ತಗ್ಗಿಸಿಕೊಂಡು ಹೊರಗೆ ಬಂದು, ಎಲ್ಲರ ಎದುರು ಒರತೆಯ ನೀರು ಕುಡಿದ. "ನನಗೆ ಪ್ರತಿ ವರ್ಷ ಹೀಗಾಗ್ತಿತ್ತು," ಎಂದ. "ಯಜಮಾನನಿಗೆ ಕಾಯಿಲೆ ಅಂದರೆ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಟ್ಟೆ."

ನಾಲ್ಕು ದಿನದಲ್ಲಿ ಅವನು ಚೇತರಿಸಿಕೊಂಡ. ಐದನೆಯ ದಿನ ಕೊಂಬಿನಿಂದ ಇನ್ನೂ ಮೂರು ಒರತೆ ತೋಡಿದ. ಅವುಗಳ ಹತ್ತಿರ ಯಾರೂ ಸಗಣಿ ಹಾಕದಂತೆ ತಾನೇ ಕಾವಲು ನಿಂತ. ಮುಂಗಾರು ಮುಗಿಯುವವರೆಗೆ ಕಾಡಿನವರೆಲ್ಲ ಅಲ್ಲಿ ಸಾಲಾಗಿ ನಿಂತು ಕುಡಿದರು. ಸಾಲಿನಲ್ಲಿ ಮರಿಗಳು ಮೊದಲು, ಯಜಮಾನ್ರು ಕೊನೆಗೆ.

ಆ ವರ್ಷ ಹುಟ್ಟಿದ ಮರಿಗಳು ಹತ್ತೊಂಬತ್ತು. ಮಳೆ ನಿಂತ ದಿನ ಚುಕ್ಕವ್ವ ಎಣಿಸಿದಳು. ಹತ್ತೊಂಬತ್ತು ಇದ್ದವು.

ನೀತಿ: ಮಳೆಗಾಲದಲ್ಲಿ ಹರಿದು ಬಂದ ನೀರನ್ನು ಹಾಗೆಯೇ ಕುಡಿಯಬಾರದು, ಸೋಸಿ ಕಾಯಿಸಿ ಕುಡಿಯಬೇಕು, ಕಾಯಿಲೆ ಬಂದರೆ ನಾಚಿಕೊಂಡು ಮುಚ್ಚಿಡಬಾರದು, ಹೇಳಿದರೆ ಇನ್ನೊಬ್ಬರು ಉಳಿಯುತ್ತಾರೆ.