ಬಾಣಂತಿಗುಡ್ಡಕ್ಕೆ ಆ ಹೆಸರು ಬಂದದ್ದು

ಬಾಣಂತಿಗುಡ್ಡ ದೊಡ್ಡ ಗುಡ್ಡವೇನಲ್ಲ. ಬಂಡೆಯ ಮೇಲೆ ಬಂಡೆ ಪೇರಿಸಿದ ಹಾಗಿದೆ. ನಡುವೆ ಕಾರೆಮುಳ್ಳು, ಬಂದರಿಕೆ ಗಿಡ, ಒಣಹುಲ್ಲು. ಮೂಡಣ ಮಗ್ಗುಲಲ್ಲಿ ಅರ್ಧ ಹತ್ತಿದರೆ ಒಂದು ಗವಿ ಸಿಗುತ್ತದೆ. ಆಳು ತೆವಳಿ ಹೋಗುವಷ್ಟೇ ಬಾಯಿ. ಗವಿಯ ಕೆಳಗೆ, ಇಳಿಜಾರಿನಲ್ಲಿ, ದೊಡ್ಡ ಹಾಸುಗಲ್ಲೊಂದು ಓರೆಯಾಗಿ ಬಿದ್ದಿದೆ. ಹೊಸಬರು ಅದನ್ನು ನೋಡಿ, ಹೆರಿಗೆಯಲ್ಲಿ ಸತ್ತ ಯಾವಳೋ ಹೆಣ್ಣುಮಗಳು ಕಲ್ಲಾಗಿದ್ದಾಳೆ ಎಂದುಕೊಳ್ಳುತ್ತಾರೆ. ಅರಿಶಿನ ಹಚ್ಚಿ ಹೋದವರೂ ಇದ್ದಾರೆ. ಇಲ್ಲಿನ ಕುರುಬರು ಬೇಡವೆನ್ನುವುದಿಲ್ಲ. ಆದರೆ ಆ ಬಾಣಂತಿ ಹೆಣ್ಣುಮಗಳಲ್ಲ, ತೋಳ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಗುಡ್ಡಸಾಲಿನ ತುಂಬ ತೋಳಗಳಿದ್ದವು. ಆಗ ಇದಕ್ಕೆ ಹೆಸರೇ ಇರಲಿಲ್ಲ, ಗುಡ್ಡ ಅಂದರೆ ಗುಡ್ಡ. ಕುರುಬರು ಅದರ ಬುಡದಲ್ಲಿ ಮುಳ್ಳಿನ ಹಟ್ಟಿ ಹಾಕಿ ಕುರಿ ನಿಲ್ಲಿಸುತ್ತಿದ್ದರು. ತೋಳ ಆಗೊಂದು ಈಗೊಂದು ಮರಿ ಒಯ್ಯುತ್ತಿತ್ತು. ಒಯ್ದದ್ದು ಅದರ ಪಾಲು ಅನ್ನುತ್ತಿದ್ದರು, ಬೆನ್ನು ಹತ್ತುತ್ತಿರಲಿಲ್ಲ. ಮಂದೆಗಳು ಬೆಳೆದ ಹಾಗೆ ಆ ಮಾತು ಹಳತಾಯಿತು. ಒಂದು ವರ್ಷ ಮರಿಗಳು ಜಾಸ್ತಿಯೇ ಹೋದವು. ಹಟ್ಟಿಗಳಿಗೆಲ್ಲ ಹಿರಿಯನಾದ ಜಡಿಯಪ್ಪಗೌಡ ಮಂದಿಯನ್ನು ಕೂಡಿಸಿ, ತೋಳ ಬಡಿದು ಬಡಿದು ಸಾಕಾಯಿತು, ಇನ್ನು ಗವಿಗಳನ್ನೇ ಮುಚ್ಚೋಣ ಎಂದ. ಗವಿಗಳಲ್ಲಿ ತೋಳದ ಮರಿಯಿಲ್ಲದ ಕಾಲ ನೋಡಿ ಮನೆಗೊಂದು ಗವಿ ಹಂಚಿಕೊಂಡರು. ಮೂಡಣ ಗವಿ ಮಾಳಿಂಗನಿಗೆ ಬಂತು. ಅವನೂ ಅವನ ಹೆಂಡತಿ ಕೆಂಚವ್ವನೂ ಹಾರೆ ಹಾಕಿ ಆ ಹಾಸುಗಲ್ಲನ್ನು ಎಬ್ಬಿಸಿ ಗವಿಯ ಬಾಯಿಗೆ ಆನಿಸಿದರು. ಅವಳು ಆ ಕಡೆ, ಅವನು ಈ ಕಡೆ. ಮುಗಿದ ಮೇಲೆ ಅವಳು ಕೈ ಕೊಡವಿಕೊಂಡು, “ಇದೇನ್ ಚಲೋ ಕೆಲಸಲ್ಲ ಬಿಡು” ಅಂದಳು. ಅವನು ಹಾರೆ ಎತ್ತಿಕೊಂಡು ಇಳಿಯತೊಡಗಿದ.

ಮರಿ ಹಾಕಲು ಜಾಗವಿಲ್ಲದ ತೋಳಗಳು ಹೊಳೆಯಾಚೆ ಹೋದವು. ಮೊದಮೊದಲು ನೆಮ್ಮದಿಯೇ. ಆಮೇಲೆ ಒಂದೊಂದೇ ಶುರುವಾಯಿತು. ಹಂದಿ ಹೆಚ್ಚಿ ಸಜ್ಜೆ ಹೊಲಗಳು ಬುಡಮೇಲಾದವು. ಕುರಿಗಳಿಗೆ ಬ್ಯಾನೆ ಬಿತ್ತು. ಮೊದಲಾದರೆ ಬ್ಯಾನೆ ಬಂದು ಹಿಂದೆ ಬಿದ್ದ ಕುರಿಯನ್ನು ತೋಳ ಒಯ್ದು ಮುಗಿಸುತ್ತಿತ್ತು. ಈಗ ಅದು ಹಟ್ಟಿಯೊಳಗೇ ಉಳಿದು, ಪಕ್ಕದ ಕುರಿಗೆ ಒರಗಿ ಮಲಗಿ, ಅದಕ್ಕೂ ಅಂಟಿಸಿ ಸಾಯುತ್ತಿತ್ತು. ಹಾಗಿರುವಾಗ ಒಂದು ಶ್ರಾವಣದಲ್ಲಿ ಕೆಂಚವ್ವ ಹೆರಿಗೆಯಲ್ಲಿ ಹೋದಳು. ಕೂಸೂ ಉಳಿಯಲಿಲ್ಲ. ಮಾಳಿಂಗ ಕುರಿ ಬಿಡುತ್ತಿದ್ದ, ಕೂಡಿಹಾಕುತ್ತಿದ್ದ. ಯಾರಾದರೂ ರೊಟ್ಟಿ ಕೊಟ್ಟರೆ ತಿನ್ನುತ್ತಿದ್ದ. ಅವಳ ಕಂಬಳಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಬಿಚ್ಚಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ಎಳ್ಳಮಾಸೆಯ ಮುಂಚೆ ಒಂದು ಬೆಳಿಗ್ಗೆ ಅವನು ಮೂಡಣ ಮಗ್ಗುಲಿಗೆ ಕುರಿ ಬಿಟ್ಟಿದ್ದ. ಗವಿಯ ಹತ್ತಿರ ಏನೋ ಕೆರೆಯುವ ಸದ್ದು. ನೋಡಿದರೆ ಹೆಣ್ಣು ತೋಳ. ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿದಿತ್ತು. ಹಾಸುಗಲ್ಲಿನ ಬುಡ ಕೆರೆಯುತ್ತಿತ್ತು. ಉಗುರು ಕಿತ್ತು ಕಲ್ಲಿಗೆ ರಕ್ತ ಹತ್ತಿತ್ತು. ಅವನನ್ನು ಕಂಡು ಓಡಲಿಲ್ಲ, ಓಡುವ ತ್ರಾಣ ಇರಲಿಲ್ಲ. ನಾಲ್ಕು ಮಾರು ಸರಿದು ಕೂತಿತು. ಕುರುಬರಲ್ಲಿ ಒಂದು ರೂಢಿಯಿದೆ. ದಾರಿಯಲ್ಲಿ ಒಂದು ಕುರಿ ಈಯಲು ನಿಂತರೆ ಇಡೀ ಮಂದೆ ನಿಲ್ಲಬೇಕು. ಮಳೆ ಬರಲಿ, ಕತ್ತಲಾಗಲಿ, ಅದು ಈದು ಎದ್ದು ನಿಲ್ಲುವವರೆಗೆ ಯಾರೂ ಹೆಜ್ಜೆ ಕಿತ್ತಿಡುವಂತಿಲ್ಲ. ಮಾಳಿಂಗ ನಿಂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಕೋಲು ಕೆಳಗಿಟ್ಟು ಕಲ್ಲಿಗೆ ಹೆಗಲು ಕೊಟ್ಟ. ಕಲ್ಲು ಮಿಸುಕಲಿಲ್ಲ. ಅದು ಇಬ್ಬರು ಇಟ್ಟ ಕಲ್ಲು.

ಕೆಳಗಿಳಿದು ಬಂದು, ಯಾರಾದರೂ ಕೈ ಹಚ್ಚಿರಿ ಎಂದು ಕೇಳಿದ. ಪಕ್ಕದ ಹಟ್ಟಿಯ ತಿಪ್ಪ ನಕ್ಕ.

“ಏನೋ ಮಾಳಿಂಗ, ತೋಳಕ್ಕ ಬಾಣಂತನ ಮಾಡಾಕ ಹೊಂಟೀಯೇನು? ಕೊಬ್ಬರಿ ಬೆಲ್ಲ ಕುಟ್ಟಿಸೂಣೇನು?”

ಜಡಿಯಪ್ಪಗೌಡ ನಗಲಿಲ್ಲ. “ಗವಿ ತೆಗೆದ್ರ ನೀ ನಮ್ಮ ಮಂದಿ ಅಲ್ಲ ನೋಡು.”

“ನನ್ನ ಹಟ್ಟಿ ಗವಿ ಮುಂದನ ಹಾಕ್ತೀನಿ ಗೌಡ. ಒಯ್ದರ ಮೊದಲ ನನ್ನವ ಒಯ್ಯಲಿ.”

“ಹೆಂಡ್ತಿ ಹೋದ ಮ್ಯಾಲ ತಲಿ ಕೆಟ್ಟೈತಿ ನಿನಗ.”

“ಕೆಟ್ಟಿರಬೇಕು,” ಅಂದ ಮಾಳಿಂಗ. ಹಾರೆ ತೆಗೆದುಕೊಂಡು ಹೊರಟ.

ಎತ್ತಲಾಗದ ಕಲ್ಲನ್ನು ಎತ್ತುವ ಗೊಡವೆಗೆ ಅವನು ಹೋಗಲಿಲ್ಲ. ಅದರ ಬುಡದ ಮಣ್ಣು ಬಗೆಯತೊಡಗಿದ. ಅವನು ದಣಿದು ಬಂಡೆಯ ನೆರಳಿಗೆ ಸರಿದರೆ ತೋಳ ಬಂದು ಕೆರೆಯುತ್ತಿತ್ತು, ಅವನು ಎದ್ದರೆ ಅದು ಸರಿಯುತ್ತಿತ್ತು ಎನ್ನುತ್ತಾರೆ. ಹೊತ್ತು ವಾಲುವಾಗ ಕಲ್ಲೂ ವಾಲಿತು. ಮಾಳಿಂಗ ಪಕ್ಕಕ್ಕೆ ಹಾರಿದ. ಹಾರಿದ್ದು ಸಾಲಲಿಲ್ಲ, ಬಲಗಾಲಿನ ಬೆರಳುಗಳು ಜಜ್ಜಿಹೋದವು. ಕಲ್ಲು ಜಾರುತ್ತ ಹೋಗಿ ಇಳಿಜಾರಿನಲ್ಲಿ ನಿಂತಿತು. ತೋಳ ಅವನ ಕಡೆ ನೋಡಲೂ ಇಲ್ಲ, ತಲೆ ತಗ್ಗಿಸಿ ಒಳಗೆ ಹೋಯಿತು. ಅವನು ಕಾಲಿಗೆ ಅರಿವೆ ಸುತ್ತಿಕೊಂಡು, ಮುಳ್ಳು ಕಡಿದು ತಂದು, ಹೇಳಿದಂತೆ ಅಲ್ಲೇ ಹಟ್ಟಿ ಹಾಕಿದ.

ಕೆಳಗಿನವರು ಅವನೊಡನೆ ಮಾತು ಬಿಟ್ಟರು. ಒಲೆಗೆ ಬೆಂಕಿ ಕೇಳಿದರೆ ಕೊಡಲಿಲ್ಲ. ತೋಳ ಉಪಕಾರ ನೆನೆಯಿತು ಎಂದು ಯಾರೂ ಹೇಳುವುದಿಲ್ಲ. ಅದು ಅವನ ಮಂದೆಯಿಂದಲೇ ಒಯ್ದಿತು, ಒಳ್ಳೆಯ ಮರಿಗಳನ್ನೂ ಒಯ್ದಿತು. ಆದರೆ ಬ್ಯಾನೆಯ ಕುರಿ ಕಂಡರೆ ಮೊದಲು ಅದನ್ನೇ ಹಿಡಿಯುತ್ತಿತ್ತು. ಮಾಳಿಂಗನ ಮಂದೆ ಸಣ್ಣದಾಯಿತು, ಬ್ಯಾನೆ ಬಿಟ್ಟುಹೋಯಿತು. ಕೆಳಗೆ ಮಾತ್ರ ಸಾಯುವುದು ನಿಲ್ಲಲಿಲ್ಲ. ಮರುವರ್ಷ ತಿಪ್ಪ ಹಾರೆ ಹೊತ್ತು ಬಂದು, ತಾನು ಮುಚ್ಚಿದ ಗವಿಯ ಬಾಯಿ ಬಗೆಯತೊಡಗಿದ. ಮಾಳಿಂಗ ಕುಂಟುತ್ತ ಹೋಗಿ ನೋಡಿ, “ಕೊಬ್ಬರಿ ತಂದೀಯೇನು?” ಅಂದನಂತೆ. ಕೆಂಚವ್ವ ಹೋದ ಮೇಲೆ ಅವನ ಬಾಯಲ್ಲಿ ನಗೆಮಾತು ಬಂದದ್ದು ಅದೊಂದೇ ಸಲ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರೇ ಗವಿ ತೆಗೆದರು. ಜಡಿಯಪ್ಪಗೌಡ ತಾನು ಬರಲಿಲ್ಲ, ಆಳು ಕಳಿಸಿದ. ಹೊಳೆಯಾಚೆಯ ತೋಳಗಳು ತಿರುಗಿ ಬಂದವು. ಮಾಳಿಂಗ ಎಲ್ಲಿ ಎಂದು ಯಾರಾದರೂ ಕೇಳಿದರೆ, ಬಾಣಂತಿ ಗುಡ್ಡದಾಗ ಅದಾನ ಎನ್ನುತ್ತಿದ್ದರು. ಮೊದಲು ನಗುತ್ತ ಅನ್ನುತ್ತಿದ್ದರು. ಬರಬರುತ್ತ ನಗು ಹೋಗಿ ಹೆಸರು ಉಳಿಯಿತು. ಅವನು ಸಾಯುವವರೆಗೂ ಹಟ್ಟಿ ಬದಲಿಸಲಿಲ್ಲ.

ಈಗ ಗುಡ್ಡದ ಮೇಲೆ ತೋಳ ಕಾಣುವುದು ಅಪರೂಪ, ಹೆಜ್ಜೆ ಕಾಣುತ್ತದೆ. ಎಳ್ಳಮಾಸೆಯ ಹೊತ್ತಿಗೆ ಹೋದವರು ಇನ್ನೊಂದನ್ನು ನೋಡಬಹುದು. ಮೂಡಣ ಮಗ್ಗುಲಿನ ದಾರಿ ಹಿಡಿಯುವ ಮುಂಚೆ ಕುರುಬರು ಮಂದೆ ನಿಲ್ಲಿಸಿ, ಟಗರುಗಳ ಕೊರಳ ಗಂಟೆ ಸದ್ದಾಗದಂತೆ ಒಳಗೆ ಒಣಹುಲ್ಲು ತುರುಕುತ್ತಾರೆ. ಮಾತಾಡದೆ ಗವಿ ದಾಟುತ್ತಾರೆ. ಗುಡ್ಡದ ಅಂಚಿನ ಆಚೆ ಹೋದ ಮೇಲೆ ಹುಲ್ಲು ಕಿತ್ತೆಸೆಯುತ್ತಾರೆ. ಆ ಹುಲ್ಲಿನ ಮುದ್ದೆಗಳು ಗಂಟೆಯ ಆಕಾರದಲ್ಲೇ ದಾರಿಯ ಬದಿ ಬಿದ್ದಿರುತ್ತವೆ. ಮಳೆ ಬರುವ ತನಕ ಹಾಗೇ ಇರುತ್ತವೆ.