ಹೆಗ್ಗಣಪ್ಪನ ಗುತ್ತಿಗೆ

ಮಕ್ಕಳೇ, ಒಂದು ಹೊಳೆ. ಈಚೆ ದಡದ ಕಾಡಿಗೆ ಕೋರೆರಾಯ ಎಂಬ ಕಾಡುಹಂದಿ ಅರಸ. ಆಚೆ ದಡದ ಕಾಡು ಬೇರೆ ದೇಶ. ಅಲ್ಲಿ ಚಿಪ್ಪಯ್ಯ ಎಂಬ ಆಮೆ ಇದ್ದ. ಅವನ ಹೆಂಡತಿ ದಡದ ಮರಳಲ್ಲಿ ಮೊಟ್ಟೆಯಿಟ್ಟಳು. ಇಟ್ಟವಳು ಮತ್ತೆ ಏಳಲಿಲ್ಲ. ಚಿಪ್ಪಯ್ಯನಿಗೆ ಉಳಿದದ್ದು ಆ ಮೊಟ್ಟೆಗಳು, ಅಷ್ಟೇ.

ಪ್ರತಿ ಮಳೆಗಾಲ ಹೊಳೆ ಉಕ್ಕಿ ಆ ದಡ ಮುಳುಗುತ್ತಿತ್ತು.

"ಕಟ್ಟೆ ನಾವು ಕಟ್ಟಿಸಿಕೊಡ್ತೀವಿ. ಬದಲಿಗೆ ನಿಮ್ಮ ಹುಲ್ಲುಗಾವಲಲ್ಲಿ ನಮ್ಮವರು ಮೇಯಬೇಕು" ಎಂದ ಕೋರೆರಾಯ. ಆಚೆಯವರು ಒಪ್ಪಿದರು.

ಗುತ್ತಿಗೆ ಕೇಳಲು ಗೆದ್ದಲುಗಳು ಬಂದವು. ಅವು ಕಟ್ಟಿದ ಹುತ್ತ ಆನೆ ಒರಗಿದರೂ ಜಗ್ಗದು. ಆದರೆ ಬರಿಗೈಲಿ ಬಂದಿದ್ದವು. ಹೆಗ್ಗಣಪ್ಪ ಬಾಯಿತುಂಬ ಸಿಹಿಗೆಡ್ಡೆ ಕಚ್ಚಿಕೊಂಡು ಬಂದ.

"ಹಿಂದೆ ಏನು ಕಟ್ಟಿದ್ದೀಯಪ್ಪ?" ಗೆಡ್ಡೆ ಅಗಿಯುತ್ತ ಕೋರೆರಾಯ ಕೇಳಿದ.

"ಕಟ್ಟಿಲ್ಲ, ಬುದ್ಧಿ. ತೋಡಿದ್ದೀನಿ. ಎರಡೂ ಮಣ್ಣಿನ ಕೆಲಸಾನೇ ಅಲ್ವ?"

"ಹೌದಲ್ಲ! ಗುತ್ತಿಗೆ ನಿಂದೇ ಹೋಗು."

ದೂರದಿಂದ ಮಣ್ಣು ಹೊರುವುದು ಹೆಗ್ಗಣಪ್ಪನಿಗೆ ಆಗದ ಕೆಲಸ. ಕಟ್ಟೆಯ ಬುಡದಲ್ಲೇ ತೋಡಿದ. ತೋಡಿದ್ದನ್ನು ಮೇಲಕ್ಕೆ ಎಸೆದ. ಕಟ್ಟೆ ದಿನದಿನಕ್ಕೂ ಎತ್ತರವಾಯಿತು. ಬುಡ ದಿನದಿನಕ್ಕೂ ಪೊಳ್ಳಾಯಿತು.

ಉದ್ಘಾಟನೆಗೆ ಕೋರೆರಾಯ ಹೊಳೆ ದಾಟಿ ಬಂದ. ಆಕಾಶ ಕಪ್ಪಿಟ್ಟಿತ್ತು. ಚಿಪ್ಪಯ್ಯ ನಿಧಾನಕ್ಕೆ ಮುಂದೆ ಬಂದ.

"ಬುದ್ಧಿ, ಈ ಕಟ್ಟೆಯ ಹಿಂದಿನ ಮರಳಲ್ಲಿ ನನ್ನ ಮೊಟ್ಟೆ ಇವೆ. ಮಳೆ ನಿಲ್ಲೋವರೆಗೂ ಕಟ್ಟಿದವರು ಇಲ್ಲೇ ಕೂತಿದ್ದರೆ ನನಗೆ ಧೈರ್ಯ."

ಹೆಗ್ಗಣಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನನಗೆ ನೆಗಡಿ ಕಣಣ್ಣ. ಪಕ್ಕದ ದೇಶದಲ್ಲಿ ಇನ್ನೊಂದು ಗುತ್ತಿಗೆ ಬೇರೆ ಇದೆ" ಎಂದವನೇ ಓಟ ಕಿತ್ತ.

"ಏ ಆಮೆ! ನಮ್ಮ ಕೆಲಸದ ಮೇಲೇ ಅನುಮಾನವಾ? ಚಿಪ್ಪಿನೊಳಗೆ ತಲೆ ಇದೆಯೋ ಇಲ್ಲವೋ? ನೋಡು, ನಾನೇ ಮಲಗ್ತೀನಿ" ಎಂದು ಕೋರೆರಾಯ ಬುಡದ ಕೆಸರಲ್ಲಿ ಹಾಯಾಗಿ ಹೊರಳಿದ.

ಚಿಪ್ಪಯ್ಯ ಮರದ ಮೇಲಿದ್ದ ಕೋತಿಯನ್ನು ಕರೆದ. "ಮಂಗವ್ವ, ನಿನಗೆ ಕೈಗಳಿವೆ ತಾಯಿ. ನನ್ನ ಮೊಟ್ಟೆ ದಿಬ್ಬಕ್ಕೆ ಸೇರಿಸಿಕೊಡು."

ಮಂಗವ್ವ ಮರಳು ಕೆದಕಿ ಒಂದೊಂದಾಗಿ ಹೊತ್ತಳು. ಕೊನೆಯ ಮೊಟ್ಟೆ ದಿಬ್ಬ ಸೇರಿತು. ಮಳೆ ಹೊಯ್ಯಿತು. ಹೊಳೆ ಒಮ್ಮೆ ತಳ್ಳಿತು, ಅಷ್ಟಕ್ಕೇ ಕಟ್ಟೆ ಅರಸನ ಮೇಲೆ ಕುಸಿಯಿತು.

ನೀರು ಇಳಿದಾಗ ಕೋರೆರಾಯ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದ.

"ಚಿಪ್ಪಯ್ಯಾ, ನಿನ್ನ ದಮ್ಮಯ್ಯ, ತೋಡಿ ತೆಗಿಯೋ!"

"ತೋಡೋಕೆ ನಿಮ್ಮ ಗುತ್ತಿಗೆದಾರ ಇದಾನಲ್ಲ, ಬುದ್ಧಿ" ಎಂದ ಚಿಪ್ಪಯ್ಯ. "ಗೆಡ್ಡೆ ತೋರಿಸಿ. ಬರ್ತಾನೆ."

ಹಾಗಂದು, ದಿಬ್ಬದ ಕಡೆಗೆ, ತನ್ನ ಮೊಟ್ಟೆಗಳ ಹತ್ತಿರ, ನಿಧಾನಕ್ಕೆ ನಡೆದ.

ನೀತಿ: ಲಂಚ ತಿಂದು ಯೋಗ್ಯತೆಯಿಲ್ಲದವನಿಗೆ ಕೆಲಸ ಕೊಟ್ಟರೆ, ಆ ಕೆಲಸ ಕೊಟ್ಟವನ ಮೇಲೇ ಕುಸಿಯುತ್ತದೆ.