ಬಳೆಗಾರ್ತಿಯ ಅವಳಿ ಮಕ್ಕಳು

“ಗುರುಗಳೇ, ಒಂದೇ ಹರಳಿನಿಂದ ಜೋಡಿಯಾಗಿ ಹುಟ್ಟಿದ ಬೆಳಕಿನ ಕಣಗಳಲ್ಲಿ ಒಂದನ್ನು ಇಲ್ಲಿ ಅಳೆದರೆ, ದೂರ ಹೋದ ಇನ್ನೊಂದರ ಸ್ಥಿತಿಯೂ ಅದಕ್ಕೆ ವಿರುದ್ಧವಾಗಿ ನಿಗದಿಯಾಗಿಬಿಡುತ್ತದೆ ಎನ್ನುತ್ತೀರಿ. ಅಳೆಯುವ ಮೊದಲು ಅದು ಯಾವ ಸ್ಥಿತಿಯಲ್ಲಿತ್ತು?” ಎಂದು ಶಿಷ್ಯ ಕೇಳಿದ.

“ಯಾವುದರಲ್ಲೂ ಇರಲಿಲ್ಲ ಎಂದರೆ ನೀನು ಒಪ್ಪುವವನಲ್ಲ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ,” ಎಂದರು ಗುರುಗಳು.

ಒಬ್ಬ ಬಳೆಗಾರ್ತಿಗೆ ಅವಳಿ ಹೆಣ್ಣುಮಕ್ಕಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಯಾರೂ ಆಡಿಕೊಳ್ಳದ ಹಾಗೆ ಸಾಕಿದಳು. ಒಬ್ಬಳನ್ನು ಮೂಡಲ ಸೀಮೆಗೆ, ಇನ್ನೊಬ್ಬಳನ್ನು ಪಡುವಲ ಸೀಮೆಗೆ ಕೊಟ್ಟಳು. ಮಕ್ಕಳು ಹೇಗಿದ್ದಾರೋ ಎಂಬ ಚಿಂತೆಯಲ್ಲಿ ಅನ್ನ ಸೇರದಾಯಿತು. ಬಳೆಯ ಮಲಾರ ಹೊತ್ತು ಹೊರಟಳು.

ಹಿರಿಯಳ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹೆತ್ತ ಕರುಳು ತಡೆಯಬೇಕಲ್ಲ! ಹೊಸಿಲಲ್ಲೇ ಕೇಳಿದಳು: “ಸುಖವಾಗಿದ್ದೀಯಾ, ಮಗಳೇ?”

ಅದುವರೆಗೆ ಆ ಮಾತನ್ನು ಮಗಳಿಗೆ ಯಾರೂ ಕೇಳಿರಲಿಲ್ಲ. ಅವಳು ತುಸು ತಡೆದಳು. ಆಮೇಲೆ ಮುಖ ಅರಳಿತು. “ಹೂಂ ಅಮ್ಮ, ಸುಖವಾಗಿದ್ದೇನೆ,” ಎಂದಳು. ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದೇ ಸಂತೋಷದಲ್ಲಿ ಕಿರಿಯಳ ಊರಿಗೆ ನಡೆದಳು. ಕಿರಿಯಳು ಗೋಡೆಗೆ ಮುಖಮಾಡಿ ಕುಳಿತಿದ್ದಳು. ಆ ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿರಲಿಲ್ಲ, ಗಂಡ ಗದರಿದವನಲ್ಲ. ತಾಯಿ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ಮೊನ್ನೆ ದೀಪ ಹಚ್ಚುವವರೆಗೆ ನನಗೆ ಸುಖವೂ ಇರಲಿಲ್ಲ, ದುಃಖವೂ ಇರಲಿಲ್ಲ ಅಮ್ಮ. ಯಾರೂ ಏನೂ ಅನ್ನಲಿಲ್ಲ. ಇದ್ದಕ್ಕಿದ್ದ ಹಾಗೆ ದುಃಖ ಕವಿಯಿತು. ಇನ್ನೂ ಬಿಟ್ಟಿಲ್ಲ.”

ಆ ಹೊತ್ತಿನಲ್ಲಿ ತಾನು ಎಲ್ಲಿ ನಿಂತು ಏನು ಕೇಳುತ್ತಿದ್ದೆ ಎಂಬುದು ತಾಯಿಗೆ ನೆನಪಾಯಿತು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. ಮಗಳು ತಲೆಯೆತ್ತಿ, “ನನ್ನನ್ನು ಮೊದಲು ಕೇಳಬಾರದಿತ್ತೇ ಅಮ್ಮ?” ಎಂದಳು.

ಅಂದಿನಿಂದ ಬಳೆಗಾರ್ತಿ ಯಾರ ಮನೆಯಲ್ಲೂ ಕ್ಷೇಮ ವಿಚಾರಿಸಲಿಲ್ಲ. ಬಳೆ ತೊಡಿಸಿ, ಮಾತಿಲ್ಲದೆ ಎದ್ದು ಹೋಗುತ್ತಿದ್ದಳು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕಿರಿಯಳನ್ನೇ ಮೊದಲು ಕೇಳಿದ್ದರೆ ಸುಖ ಅವಳದಾಗುತ್ತಿತ್ತೇ?”

“ಹಾಗೆಂದು ಯಾರು ಹೇಳಿದರು? ಯಾರ ಪಾಲಿಗೆ ಯಾವುದು ಎಂಬುದು ಕೇಳಿದವರ ಕೈಯಲ್ಲಿಲ್ಲ. ಹಸಿವೇ ಎಂದು ಕೇಳಿದ್ದರೆ ಒಬ್ಬಳು ಹಸಿಯುತ್ತಿದ್ದಳು, ಇನ್ನೊಬ್ಬಳ ಹೊಟ್ಟೆ ತುಂಬುತ್ತಿತ್ತು. ಪ್ರಶ್ನೆಯಷ್ಟೇ ತಾಯಿಯದು.”

“ಅವರೇನೋ ಅವಳಿಗಳು,” ಎಂದು ಶಿಷ್ಯ ನಕ್ಕ. “ಸದ್ಯ, ನಾನು ಒಬ್ಬನೇ ಹುಟ್ಟಿದವನು.”

ಗುರುಗಳು ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದರು: “ಹಾಗಾದರೆ ಹೆದರದೆ ಹೇಳು ಮಗು, ಸುಖವಾಗಿದ್ದೀಯಾ?”